ಮಾಳಿಗೆಯನ್ನು ಕೆಳಗಿನಿಂದ ನೋಡಬೇಕು

ಕರಾವಳಿಯ ನಮಗೆ ಮನೆಯ ಮಾಡು ಎಂದರೆ ಇಳಿಜಾರು. ಅಷ್ಟು ಜೋರು ಮಳೆಗೂ ಹಂಚು ನೀರನ್ನು ನಿಲ್ಲಗೊಡುವುದಿಲ್ಲ. ಹದಿನೈದು ವರ್ಷದ ಹಿಂದೆ ನಾವೂ ಎಲ್ಲರಂತೆ ಹಂಚು ಇಳಿಸಿ ತಾರಸಿ ಹಾಕಿಸಿದೆವು. ಐದಾರು ಮಳೆಗಾಲ ಕಳೆದ ಮೇಲೆ ಉಮ್ಮನ ಕೋಣೆ ಸೋರತೊಡಗಿತು. ಮೇಲೆ ಒಂದು ಪದರ ಗಾರೆ ಹಾಕಿಸಿದೆ. ಮತ್ತೆ ಸೋರಿತು, ಅದರ ಮೇಲೆ ಇನ್ನೊಂದು ಪದರ. ಮೂರನೆಯದಕ್ಕೆ ಮೇಸ್ತ್ರಿಯ ಹತ್ತಿರ ಮಾತಾಡಿ, ಅಂಗಡಿಗೆ ಚಾದರ ತರಲು ಸೊಲ್ಲಾಪುರಕ್ಕೆ ಹೊರಟೆ.

ಅಲ್ಲಿ ಪರಿಚಯದ ಕಾಕಾ ಒಬ್ಬರ ಮನೆ ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಯೊಂದರಲ್ಲಿದೆ. ಮನೆಯೊಳಗೆ ಕನ್ನಡ, ಹೊರಗೆ ಮರಾಠಿ. ಕಲ್ಲಿನ ಗೋಡೆ, ಮರದ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಎಲ್ಲಕ್ಕೂ ಮೇಲೆ ಮಣ್ಣು: ಇದು ಅಲ್ಲಿನ ಹಳೆಯ ಮಾಳಿಗೆ ಮನೆ. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ನಾಡಿಗೆ ಇದು ತಕ್ಕದ್ದು. ನಾನು ಹೋದದ್ದು ಮೇ ತಿಂಗಳಲ್ಲಿ. ಕಾಕಾ ಮಾಳಿಗೆಯ ಮೇಲಿನಿಂದ ಹಳೆಯ ಮಣ್ಣನ್ನು ಕೆರೆದು ಬುಟ್ಟಿಯಲ್ಲಿ ಕೆಳಗಿಳಿಸುತ್ತಿದ್ದರು.

“ಹೊಸ ಮಣ್ಣು ಹಾಕುವುದಿಲ್ಲವಾ ಕಾಕಾ?” ಎಂದೆ.

“ಹಾಕ್ತೀನಿ ಭಾಯಿ. ಮೊದಲ ತಗೀಬೇಕು, ಆಮ್ಯಾಲ ಹಾಕಬೇಕು. ನಮ್ಮಪ್ಪ ಸೋರ್ತದಂತ ವರ್ಷಾ ವರ್ಷಾ ಬರೇ ಹಾಕ್ಕೋತ ಹೋದ. ಕಿಲ್ಲಾರಿ ಆದಮ್ಯಾಲ ನಮಗ ಬುದ್ಧಿ ಬಂತು.”

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಸ್ವಲ್ಪ ಮೊದಲು, ಲಾತೂರ್ ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಹಿಂದಿನ ದಿನ ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದರು. ಏಳು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ಬಿರಿದವು, ಅವುಗಳ ಮೇಲಿದ್ದ ಮಣ್ಣಿನ ಮಾಳಿಗೆಯ ಭಾರವೆಲ್ಲ ಮಲಗಿದವರ ಮೇಲೆ ಬಿತ್ತು. ಸೋರದಿರಲೆಂದು ತಲೆಮಾರುಗಳಿಂದ ಹೊರಿಸಿದ ಭಾರ ಅದು. ಒಂದು ಘನ ಮೀಟರ್ ಮಣ್ಣು ಸುಮಾರು 1,600 ಕಿಲೋ ತೂಗುತ್ತದೆ. 10 ಅಡಿಗೆ 12 ಅಡಿಯ ಕೋಣೆಯ ಮೇಲೆ ಒಂದಡಿ ದಪ್ಪ ಮಣ್ಣಿದ್ದರೆ ಐದು ಟನ್ನಿಗೂ ಹೆಚ್ಚು. ಒದ್ದೆಯಾದರೆ ಇನ್ನೂ ಜಾಸ್ತಿ.

ನನ್ನ ತಾರಸಿಯ ಕಥೆ ಹೇಳಿದೆ. ಕಾಕಾ ನಕ್ಕು, “ಮ್ಯಾಲ ಏರೂದು ಆಮ್ಯಾಲ. ಮೊದಲ ಒಳಗ ನಿಂತು ಮ್ಯಾಲ ನೋಡ್ರಿ” ಎಂದು ಒಳಗೆ ಕರೆದೊಯ್ದರು. ತೊಲೆ ಗೋಡೆಯೊಳಗೆ ಹೋಗುವ ಜಾಗದಲ್ಲಿ ಒದ್ದೆ ಕಲೆ ಇದೆಯೇ? ಜಂತಿ ಬಾಗಿದೆಯೇ? ಗೆದ್ದಲಿನ ಮಣ್ಣಿನ ಗೆರೆ ಏರಿದೆಯೇ? ಬೆಳಿಗ್ಗೆ ನೆಲ ಗುಡಿಸುವಾಗ ಮಣ್ಣಿನ ಪುಡಿ ಸಿಗುತ್ತದೆಯೇ? ಇಷ್ಟು ನೋಡಿದ ಮೇಲೆಯೇ ಅವರು ಏಣಿ ಹತ್ತುವುದು. ಮೇಲೆ ಹುಲ್ಲು ಕೀಳುತ್ತಾರೆ, ಇಲಿಯ ಬಿಲ ಮುಚ್ಚುತ್ತಾರೆ, ನೀರು ಹೊರಬೀಳುವ ದೋಣಿಯ ಬಾಯಿ ಬಿಡಿಸುತ್ತಾರೆ.

ಊರಿಗೆ ಬಂದವನೇ ಉಮ್ಮನ ಮಂಚದ ಪಕ್ಕ ನಿಂತು ಮೇಲೆ ನೋಡಿದೆ. ಎಷ್ಟೋ ಸಲ ಸುಣ್ಣ ಬಳಿಸಿದ ಜಾಗದಲ್ಲಿ ಕಂದು ಕಲೆ, ಗೆರೆ ಎಳೆದಂತೆ ನೇರವಾದ ಬಿರುಕು. ಕೋಲಿನಿಂದ ತಟ್ಟಿದರೆ ಟೊಳ್ಳು ಸದ್ದು. ಉಮ್ಮನ ಮಂಚವನ್ನು ಆ ಸಂಜೆಯೇ ಬೇರೆ ಕೋಣೆಗೆ ಹಾಕಿದೆ. “ಒಂದು ಹನಿ ನೀರಿಗೆ ಇಷ್ಟು ಗಡಿಬಿಡಿಯಾ ಮೋನೇ?” ಎಂದರು.

ಪದರ ಒಡೆಸಿ ನೋಡಿದಾಗ ಕಾರಣ ತಿಳಿಯಿತು. ನಾನು ಹಾಕಿಸಿದ ಎರಡನೆಯ ಗಾರೆ ನೀರು ಹೋಗುವ ಪೈಪಿನ ಬಾಯಿಗಿಂತ ಎತ್ತರವಾಗಿತ್ತು. ನೀರು ಮೂಲೆಯಲ್ಲೇ ನಿಂತು ಕೆಳಗಿಳಿದು ಕಬ್ಬಿಣದ ಸರಳಿಗೆ ತುಕ್ಕು ಹಿಡಿಸಿತ್ತು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಕಡಲಿನ ಉಪ್ಪುಗಾಳಿ ಅದಕ್ಕೆ ಇನ್ನಷ್ಟು ಅವಸರ ಕೊಡುತ್ತದೆ. ಎರಡು ಅಂಗುಲ ಗಾರೆ ಎಂದರೆ ಅಷ್ಟೇ ದೊಡ್ಡ ಕೋಣೆಗೆ ಒಂದು ಟನ್ನಿಗೂ ಹೆಚ್ಚು ಭಾರ. ಸರಳು ಸೊರಗುತ್ತಿದ್ದ ಮೂಲೆಯ ಮೇಲೆ ನಾನೇ ಅದನ್ನು ಹೊರಿಸಿದ್ದೆ.

ಇಂಜಿನಿಯರರನ್ನು ಕರೆಸಿ, ಕೆಳಗೆ ಆಧಾರ ಕೊಟ್ಟು ಆ ಭಾಗ ರಿಪೇರಿ ಮಾಡಿಸಿದೆವು. ಖರ್ಚು ಮೂರನೆಯ ಪದರಕ್ಕಿಂತ ಬಹಳ ಹೆಚ್ಚಾಯಿತು. ಈಗ ವರ್ಷಕ್ಕೆ ಎರಡು ಸಲ, ಮೇ ತಿಂಗಳಲ್ಲೊಮ್ಮೆ ಮತ್ತು ಮೊದಲ ಜೋರು ಮಳೆ ನಿಂತ ಕೂಡಲೇ ಒಮ್ಮೆ, ನೋಡುತ್ತೇನೆ. ಪೈಪಿನ ಬಾಯಿಯ ಎಲೆಕಸ, ಗೋಡೆಯ ಬುಡದಲ್ಲಿ ಚಿಗುರಿದ ಅಶ್ವತ್ಥದ ಸಸಿ, ನೀರು ನಿಂತು ಕಪ್ಪಾದ ಜಾಗ ಯಾವುದನ್ನೂ ಬಿಡುವುದಿಲ್ಲ.

ನೀವೂ ತಾರಸಿಗೆ ಇನ್ನೊಂದು ಪದರ ಹಾಕಿಸುವ ಮೊದಲು, ಅದರ ಕೆಳಗೆ ಮಲಗುವವರ ಮಂಚದ ಬಳಿ ನಿಂತು ಒಮ್ಮೆ ಮೇಲೆ ನೋಡಿ.