ಹನ್ನೆರಡು ಬೋರು, ಐದು ಮಿಲಿಮೀಟರು

ಅಪ್ಪಯ್ಯನಿಗೆ ಎಪ್ಪತ್ತೆಂಟು. ಈ ಸಲ ಊರಿಗೆ ಹೋದಾಗ, "ಕೋವಿ ಕೊಟ್ಬಿಡಾಣ ಮಾರಾಯ, ಲೈಸೆನ್ಸ್ ಅಂತ ಅಲೆಯಕ್ಕೆ ನನ್ನ ಕೈಲಾಗಲ್ಲ" ಅಂದರು. ತೀರ್ಥಹಳ್ಳಿ ಕಡೆ ಬೆಳೆ ಕಾಯೋಕೆ ಅಂತ ಕೋವಿ ಇಟ್ಟುಕೊಂಡಿರೋ ಮನೆಗಳು ಬೇಕಾದಷ್ಟಿವೆ. ಎಲೆಕ್ಷನ್ ಬಂದಾಗಲೆಲ್ಲ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ ರಸೀದಿ ತರೋದೂ ಮಾಮೂಲಿ. ನಮ್ಮದು ಅಜ್ಜ ಕೊಂಡಿದ್ದ ಬರ್ಮಿಂಗ್‌ಹ್ಯಾಮಿನ ಜೋಡಿ ನಳಿಗೆ.

ಹಳೇ ಬೈಕಿನ ಹಾಗೆ ಫೋಟೋ ಹಾಕಿ ಮಾರೋ ವಸ್ತು ಅಲ್ಲ ನೋಡಿ. ಲೈಸೆನ್ಸ್ ಇರೋವ್ರಿಗೇ ಕೊಡಬೇಕು, ಇಲ್ಲಾ ಡೀಲರಿಗೆ. ಶಿವಮೊಗ್ಗಕ್ಕೆ ಹೊರಟೆವು. ಸಾಮಾನ್ಯರಿಗೆ ವಿದೇಶಿ ಕೋವಿ ಆಮದು ನಿಂತು ದಶಕಗಳಾದವಲ್ಲ, ಒಳ್ಳೇ ರೇಟು ಬರುತ್ತೆ ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕ್ತಿದ್ದೆ.

ಅಂಗಡಿಯ ಹಿರಿಯರು ಹೆಸರು, ಕೆತ್ತನೆ ಯಾವುದನ್ನೂ ನೋಡಲಿಲ್ಲ. ನಳಿಗೆ ಬಿಚ್ಚಿ ಒಂದು ಬೆರಳಿಗೆ ನೇತುಹಾಕಿ ಉಗುರಲ್ಲಿ ತಟ್ಟಿದರು. ಗಂಟೆಯ ಹಾಗೆ ದನಿ ಬಂತು. ಎರಡು ನಳಿಗೆಯ ಬೆಸುಗೆ ಗಟ್ಟಿ ಇದೆ ಅಂತ ಅರ್ಥವಂತೆ. ಆಮೇಲೆ ಬೆಳಕಿಗೆ ಹಿಡಿದು ಒಳಗೆ ನೋಡಿದರು. ತುಕ್ಕು ತಿಂದ ಗುಳಿ ಇದ್ದರೆ ಬೆಲೆ ಇಳಿಯುತ್ತೆ. ಕಪ್ಪು ಉಂಗುರದಂಥ ನೆರಳು ಕಂಡರೆ ನಳಿಗೆ ಉಬ್ಬಿದೆ ಅಂತ, ಆಗ ಅದು ಗುಜರಿ. ನಮ್ಮದರಲ್ಲಿ ನೆರಳಿರಲಿಲ್ಲ. ಆದರೆ ಮತ್ತೆ ಜೋಡಿಸಿ ಅಲ್ಲಾಡಿಸಿದಾಗ ಕೀಲಿನಲ್ಲಿ ಆಟ ಸಿಕ್ಕಿತು.

"ಯಾವ ತೋಟಾ ಹಾಕ್ತೀರಿ ಗೌಡ್ರೆ?"

"ಹನ್ನೆರಡು ಬೋರಿಂದೇ," ಅಂದೆ ನಾನು.

ಅವರು ಭೂತಗನ್ನಡಿ ಕೊಟ್ಟು, ನಳಿಗೆಯ ಅಡಿಯಲ್ಲಿ ಒತ್ತಿದ್ದ ಗುರುತು ತೋರಿಸಿದರು. ನೈಟ್ರೋ ಪ್ರೂಫ್, ಪಕ್ಕದಲ್ಲಿ 2½ ಇಂಚು. ಅಂದರೆ ಹೊಗೆರಹಿತ ಮದ್ದಿಗೆ ಪರೀಕ್ಷೆಯಾದದ್ದು ಹೌದು, ಆದರೆ 65 ಮಿಲಿಮೀಟರ್ ತೋಟಾಕ್ಕೆ ಮಾತ್ರ. ಹನ್ನೆರಡು ಬೋರು ಅನ್ನೋದು ನಳಿಗೆಯ ಅಗಲದ ಲೆಕ್ಕ: ಆ ಅಗಲದ 12 ಸೀಸದ ಗುಂಡು ಸೇರಿದರೆ ಒಂದು ಪೌಂಡು. ಉದ್ದದ ಬಗ್ಗೆ ಅದು ಏನೂ ಹೇಳಲ್ಲ.

ನನಗೆ ಹೊಟ್ಟೆಯಲ್ಲಿ ಏನೋ ಆಯ್ತು. ನಾಲ್ಕು ವರ್ಷದ ಹಿಂದೆ ಅಪ್ಪಯ್ಯನ ಜೊತೆ ಹೋಗಿ, "65 ಇಲ್ಲ, 70 ಇದೆ" ಅಂದಾಗ "ಅದೇ ಕೊಡಿ" ಅಂದವನು ನಾನು. ಮನೆಯಲ್ಲಿ ಹಾಕಿ ನೋಡಿದೆವು, ಸಲೀಸಾಗಿ ಕೂತಿತು. ಬಿಇ ಓದಿದವನು ಹೇಳಿದ್ದಕ್ಕೆ ಅಪ್ಪಯ್ಯ ಎದುರಾಡಲಿಲ್ಲ. ಕೂರೋದೇ ಮೋಸ ಕಣ್ರೀ. 70 ಅನ್ನೋದು ಹೊಡೆದ ಮೇಲಿನ ಉದ್ದ. ಬಾಯಿ ಮಡಿಚಿರೋವಾಗ ಅದು ಗಿಡ್ಡ, ಹಳೇ ಕೋವಿಗೂ ಹಿಡಿಸುತ್ತೆ. ಹೊಡೆದಾಗ ಮಡಿಕೆ ಬಿಚ್ಚಿ ಮುಂದಿನ ಇಕ್ಕಟ್ಟಿಗೆ ನುಗ್ಗುತ್ತೆ, ಒತ್ತಡ ಏರುತ್ತೆ. ಕಂಪೈಲ್ ಆಗಿ ಪ್ರೊಡಕ್ಷನ್ನಲ್ಲಿ ಸಾಯೋ ಕೋಡು! ಇಲ್ಲಿ ಪ್ರೊಡಕ್ಷನ್ ಅಂದ್ರೆ ಅಪ್ಪಯ್ಯನ ಕೆನ್ನೆಯ ಪಕ್ಕ.

ಅವರು ಹೇಳಿದ ಬೆಲೆ ನನ್ನ ಫೋನಿನ ಅರ್ಧಕ್ಕೂ ಬರಲಿಲ್ಲ. ಚೌಕಾಸಿ ಮಾಡೋ ಮನಸ್ಸಾಗಲಿಲ್ಲ. ಉಳಿದ ತೋಟಾನೂ ಒಪ್ಪಿಸಿ, ಕಾಗದಕ್ಕೆ ಸಹಿ ಹಾಕಿದೆವು.

ವಾಪಸ್ ಬರ್ತಾ ಕೇಳಿದೆ, "ಮಂಗ ಓಡಿಸೋಕೆ ಎಷ್ಟು ಹೊಡೆದಿದ್ರಿ ಅದರಲ್ಲಿ?"

"ನಾಲ್ಕು. ಹೆಗಲಿಗೆ ಒದೆತ ಜಾಸ್ತಿ ಇತ್ತು, ಬಿಟ್ಟೆ. ನೀನು ಕೊಡ್ಸಿದ್ದಲ್ಲ, ಏನು ಹೇಳದು ಅಂತ ಸುಮ್ನಾದೆ."

ಆ ಹೆಗಲುನೋವಿಗೆ ವಯಸ್ಸಾಯ್ತು ಅಂತ ಬೆಂಗಳೂರಿಂದ ಸ್ಪ್ರೇ ಕಳಿಸಿದವನೂ ನಾನೇ.