ದಾರಿಯಲ್ಲೇ ಸಿಗುವ ಮ್ಯೂಸಿಯಂ

ಮಕ್ಕಳೇ, ಮುಶೈರಿಬ್ ಸ್ಟೇಷನ್ನಿನಲ್ಲಿ ನೀವೆಲ್ಲ ಎಷ್ಟೋ ಸಲ ಮೆಟ್ರೋ ಬದಲಾಯಿಸಿರುತ್ತೀರಿ. ಕೆಂಪು, ಹಸಿರು, ಚಿನ್ನದ ಬಣ್ಣದ ಮೂರೂ ಲೈನು ಸೇರೋದು ಅಲ್ಲೇ ತಾನೆ? ಮುಂದಿನ ಸಲ ಮೇಲೆ ಹತ್ತಿ ಬನ್ನಿ. ಕಾಫಿ ಅಂಗಡಿ, ಆಫೀಸು, ಟ್ರಾಮ್ ಹಳಿಗಳ ನಡುವೆ ನಾಲ್ಕು ಹಳೆಯ ಅಂಗಳದ ಮನೆಗಳಿವೆ. 2015ರಲ್ಲಿ ಇವು ಮ್ಯೂಸಿಯಂ ಆದವು.

ಮರುಭೂಮಿಯ ಗುಲಾಬಿಯಂತಿರುವ ನ್ಯಾಷನಲ್ ಮ್ಯೂಸಿಯಂ ಚೆಂದವೇ. ಆದರೆ ಅಲ್ಲಿಗೆ ಹೋಗೋಕೆ ರಜೆ ಬೇಕು, ಪ್ಲಾನ್ ಬೇಕು, ಡಬ್ಬಿಯಲ್ಲಿ ಚಿತ್ರಾನ್ನವೂ ಬೇಕು. ಇಲ್ಲಿ ಹಾಗಲ್ಲ, ಸೂಖ್ ವಾಕಿಫ್‌ಗೆ ಹೊರಟವರು ಅರ್ಧ ಗಂಟೆ ಒಳಹೊಕ್ಕು ಬರಬಹುದು.

1920ರ ದಶಕದ ರದ್ವಾನಿ ಮನೆಯಲ್ಲಿ ಅಂಗಳದ ಸುತ್ತ ಕೋಣೆಗಳು, ನಮ್ಮ ತೊಟ್ಟಿಮನೆಯ ಹಾಗೆ. ಕಂಪನಿ ಹೌಸ್ ಮೊದಲು ಎಣ್ಣೆ ಕಂಪನಿಯ ಕಚೇರಿಯಾಗಿತ್ತು. ಈಗ ಅಲ್ಲಿರುವುದು ದೊಡ್ಡವರ ಕಥೆಯಲ್ಲ, ಬಿಸಿಲಲ್ಲಿ ದುಡಿದ ಕತಾರಿ ಕಾರ್ಮಿಕರ ಕಥೆ.

ಬಿನ್ ಜೆಲ್ಮೂದ್ ಮನೆಗೆ ಮಾತ್ರ ಅಪ್ಪ ಅಮ್ಮನ ಜೊತೆಗೇ ಹೋಗಿ. ಅದು ಗುಲಾಮಗಿರಿಯ ಇತಿಹಾಸ. ಕತಾರಿನಲ್ಲಿ ಅದು ನಿಷೇಧವಾದದ್ದು 1952ರಲ್ಲಿ, ಅಂದರೆ ನಿಮ್ಮ ಮುತ್ತಜ್ಜನ ಕಾಲ. ದೂರದ ವಿಷಯ ಅಂದುಕೊಳ್ಳಬೇಡಿ. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಪೂರ್ವಿಕರೂ ಆಫ್ರಿಕಾದಿಂದ ಇದೇ ಹಿಂದೂ ಮಹಾಸಾಗರ ದಾಟಿ ಬಂದವರು, ಬಹಳ ಮಂದಿ ಗುಲಾಮರಾಗಿ. ಇಂಥ ಕಥೆಯನ್ನು ಊರಾಚೆ ಇಡದೆ ಪೇಟೆಯ ನಡುವೆ ಇಟ್ಟದ್ದು ನನಗೆ ದೊಡ್ಡ ಕೆಲಸ ಅನಿಸುತ್ತದೆ.

ಒಂದು ಕೊರಗು ಇದೆ. ಈ ಹೊಸ ಕಟ್ಟಡಗಳು ಏಳುವ ಮೊದಲು ಇಲ್ಲಿನ ಹಳೆ ಮನೆಗಳಲ್ಲಿ ಭಾರತ, ನೇಪಾಳ, ಬಾಂಗ್ಲಾ ಕಡೆಯ ಕೆಲಸಗಾರರು ಬಾಡಿಗೆಗಿದ್ದರು. ನನ್ನ ಸೋದರಮಾವನೂ ಎಂಬತ್ತರ ದಶಕದಲ್ಲಿ ಇಲ್ಲೇ ಒಂದು ರೂಮಿನಲ್ಲಿ ಆರು ಜನರ ಜೊತೆ ಇದ್ದರು. ಪತ್ರ ಬರೆಯಲು ಬೇಜಾರೆಂದು ಕ್ಯಾಸೆಟ್ಟಿನಲ್ಲಿ ಮಾತಾಡಿ ಊರಿಗೆ ಹೋಗುವವರ ಕೈಲಿ ಕಳಿಸುತ್ತಿದ್ದರಂತೆ. ಆ ಕಟ್ಟಡ ಈಗಿಲ್ಲ. ನಾವು ಸಾಫ್ಟ್‌ವೇರ್‌ನವರು ಹಳೆಯ ಕೋಡ್ ಅಳಿಸುವ ಮುಂಚೆ ಒಂದು ಕಾಪಿ ಇಟ್ಟುಕೊಳ್ಳುತ್ತೇವೆ. ಆ ರೂಮಿಗೆ ಕಾಪಿ ಇಲ್ಲ.

ನನ್ನನ್ನು ಕೇಳಿದರೆ ಅಲ್ಲಿ ಐದನೇ ಮನೆಯೊಂದು ಬೇಕು. ಒಳಗೆ ಮೂರು ಬಂಕ್ ಬೆಡ್ಡು, ಒಂದು ಸ್ಟೌ, ಗೋಡೆಗೆ ಊರಿನ ಕ್ಯಾಲೆಂಡರು, ಒಂದು ಟೇಪ್ ರೆಕಾರ್ಡರು. ಬಟನ್ ಒತ್ತಿದರೆ ಕನ್ನಡ, ತುಳು, ಮಲಯಾಳಂ, ನೇಪಾಳಿ ದನಿಗಳು ಕೇಳಬೇಕು.

ಮಾವನ ಒಂದು ಕ್ಯಾಸೆಟ್ಟು ನಮ್ಮಮ್ಮನ ಬೀರುವಿನಲ್ಲಿ ಇನ್ನೂ ಇದೆ. ಈ ಬೇಸಿಗೆ ರಜೆಗೆ ಊರಿಗೆ ಹೋದಾಗ ತರುತ್ತೇನೆ. ನಿಮ್ಮ ಮನೆಯಲ್ಲಿ ಏನಿದೆ, ಕೇಳಿಕೊಂಡು ಬನ್ನಿ. ತರಗತಿಯಲ್ಲಿ ಒಂದು ಮೇಜು ಖಾಲಿ ಮಾಡಿಸಿಡುತ್ತೇನೆ.