ನಾಲ್ಕು ಬಣ್ಣದ ಇಂಕು, ಒಂದು ಪ್ರಶ್ನೆ

ಬೆಳಗ್ಗೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ಹೋದರೆ ಯಾರಾದರೊಬ್ಬರು ನನ್ನ ಬೆರಳು ನೋಡಿ ಕೇಳುತ್ತಾರೆ: "ಯಾವ ಇಲೆಕ್ಷನ್ ಇತ್ತೋ ತಮ್ಮಾ, ನಮಗ ಗೊತ್ತಾಗಲೇ ಇಲ್ಲ?"

ನಾನೂ ನಗುತ್ತೇನೆ. ಮತದಾನದ ಇಂಕು ಬೇರೆ. ಅದು ನಮ್ಮ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತದೆ, 1962ರ ಚುನಾವಣೆಯಿಂದ ಬಳಕೆಯಲ್ಲಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕಿಗೆ ಕಪ್ಪಾಗಿ ಚರ್ಮಕ್ಕೆ ಹಿಡಿದುಕೊಳ್ಳುತ್ತದೆ, ಎಷ್ಟು ತಿಕ್ಕಿದರೂ ಬೇಗ ಹೋಗುವುದಿಲ್ಲ. ನನ್ನ ಬೆರಳಿನದು ಸಾದಾ ಪೆನ್ನಿನ ಇಂಕು. ಎರಡು ದಿನ ಸೋಪು ಹಚ್ಚಿದರೆ ಹೋಗುತ್ತದೆ. ಆದರೆ ಮೂರನೇ ದಿನ ಮತ್ತೆ ಹತ್ತಿರುತ್ತದೆ. ಒಮ್ಮೆ ಹಸಿರು, ಒಮ್ಮೆ ಕೆಂಪು.

ನಾನು ಹಾವೇರಿ ಜಿಲ್ಲೆಯಲ್ಲಿ ಸ್ಟ್ರಿಂಗರ್. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿ ಈ ಕೆಲಸಕ್ಕೆ ಬಂದವನು. ಸಂಬಳ ಅಂತ ಇಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ ಹಣ. ಸುದ್ದಿಯನ್ನು ಮೊಬೈಲಿನಲ್ಲೇ ಟೈಪ್ ಮಾಡಿ ಕಳಿಸುತ್ತೇನೆ. ಇಂಥವನಿಗೆ ಬಣ್ಣಬಣ್ಣದ ಇಂಕಿನ ಹುಚ್ಚು ಯಾಕೆ ಹತ್ತಿತು ಎಂದರೆ, ನಾನು ಮಾಡಿದ ಒಂದು ತಪ್ಪಿನಿಂದ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಊರಿನ ಹತ್ತಿರ ರಾತ್ರಿ ಬೈಕ್ ಅಪಘಾತವಾಯಿತು. ರಸ್ತೆ ಕೆಲಸಕ್ಕೆಂದು ಸುರಿದಿದ್ದ ಜಲ್ಲಿ ಗುಡ್ಡೆಗೆ ಬೈಕ್ ಹತ್ತಿ, ಸಂತೆಯಿಂದ ಮನೆಗೆ ಹೊರಟಿದ್ದ ರೈತರೊಬ್ಬರು ತೀರಿಕೊಂಡರು. ಬೆಳಗ್ಗೆ ನಾನು ಹೋದೆ. ಜಲ್ಲಿ ನೋಡಿದೆ. ಅಲ್ಲಿ ದೀಪ ಇರಲಿಲ್ಲ, ಕೆಂಪು ಬಟ್ಟೆ ಇರಲಿಲ್ಲ, ಅಡ್ಡ ಇಟ್ಟ ಒಂದು ಕಲ್ಲೂ ಇರಲಿಲ್ಲ. ಪಕ್ಕದ ಅಂಗಡಿಯಲ್ಲಿ ನಿಂತವರು ಮಾತಾಡುತ್ತಿದ್ದರು, ಅದರಲ್ಲಿ ಯಾರೋ ಒಬ್ಬರು "ಕುಡದಿದ್ದ ಅಂತ ಕಾಣತೈತಿ" ಅಂದರು. ಎಲ್ಲವನ್ನೂ ಬರೆದುಕೊಂಡೆ. ಮಧ್ಯಾಹ್ನದೊಳಗೆ ಸುದ್ದಿ ಕಳಿಸಬೇಕಿತ್ತು. ನೋಟ್‌ಬುಕ್ ನೋಡಿ ಗಡಿಬಿಡಿಯಲ್ಲಿ ಎಂಟು ಸಾಲು ಟೈಪ್ ಮಾಡಿದೆ. "ಕುಡಿದ ಮತ್ತಿನಲ್ಲಿ ಬೈಕ್ ಚಲಾಯಿಸುತ್ತಿದ್ದರು" ಎಂಬ ಸಾಲು ಅದರಲ್ಲಿ ಬಂತು. ಜಲ್ಲಿಗೆ ಎಚ್ಚರಿಕೆ ಫಲಕ ಇರಲಿಲ್ಲ ಎಂಬ ಸಾಲು ಬರಲಿಲ್ಲ.

ಒಂದು ತಿಂಗಳಾದ ಮೇಲೆ ಅವರ ಮಗಳು ನನ್ನನ್ನು ಹುಡುಕಿಕೊಂಡು ಬಂದಳು. ಪಿಯುಸಿ ಓದುವ ಹುಡುಗಿ. ಕೈಯಲ್ಲಿ ಪತ್ರಿಕೆಯ ತುಣುಕು, ಮರಣೋತ್ತರ ಪರೀಕ್ಷೆಯ ಪ್ರತಿ. ಆ ವರದಿಯಲ್ಲಿ ಕುಡಿತದ ಮಾತೇ ಇರಲಿಲ್ಲ. "ವಿಮೆ ಕೇಳಾಕ ಹೋದ್ರ ಇದನ್ನ ತೋರಸ್ತಾರ್ರಿ" ಎಂದು ನಾನು ಬರೆದ ಸುದ್ದಿಯ ಮೇಲೆ ಬೆರಳಿಟ್ಟಳು. ಆಮೇಲೆ ಕೇಳಿದಳು: "ಸರ್, ನೀವು ನೋಡಿದ್ರೇನ್ರಿ?"

ನಾನು ನೋಟ್‌ಬುಕ್ ತೆಗೆದೆ. ಎಲ್ಲಾ ಒಂದೇ ನೀಲಿ ಬಾಲ್‌ಪೆನ್ನಿನಲ್ಲಿ ಬರೆದದ್ದು. "ಜಲ್ಲಿ, ದೀಪ ಇಲ್ಲ" ಅಂತ ಒಂದು ಸಾಲು. ಅದರ ಕೆಳಗೆ "ಕುಡಿದಿದ್ದರು" ಅಂತ ಇನ್ನೊಂದು. ಎರಡೂ ಒಂದೇ ಬಣ್ಣ, ಒಂದೇ ಅಕ್ಷರ. ಎರಡನೆಯದನ್ನು ಯಾರು ಹೇಳಿದರು ಅಂತಲೂ ಬರೆದುಕೊಂಡಿರಲಿಲ್ಲ. ಕಣ್ಣಾರೆ ನೋಡಿದ್ದನ್ನು ಬಿಟ್ಟಿದ್ದೆ, ಹಾದಿಯಲ್ಲಿ ಕೇಳಿದ್ದನ್ನು ಅಚ್ಚು ಮಾಡಿಸಿದ್ದೆ.

ಪತ್ರಿಕೆಯವರಿಗೆ ಹೇಳಿ ಸ್ಪಷ್ಟನೆ ಹಾಕಿಸಿದೆ. ಒಳಪುಟದಲ್ಲಿ ಎರಡು ಸಾಲು ಬಂತು. ಆ ವಿಮೆ ಹಣ ಕೊನೆಗೆ ಸಿಕ್ಕಿತು ಎಂದು ಕೇಳಿದೆ, ಬಹಳ ತಡವಾಗಿ. ಆದರೆ ಅಪ್ಪ ಕುಡಿದು ಸತ್ತ ಅನ್ನುವ ಮಾತು ಆ ಊರಲ್ಲಿ ಈಗಲೂ ಪೂರ್ತಿ ಹೋಗಿಲ್ಲ.

ಅವಳ ಪ್ರಶ್ನೆ ತಲೆಯಲ್ಲಿ ಕೂತಿತು. ನೋಡಿದ್ದು ಯಾವುದು, ಕೇಳಿದ್ದು ಯಾವುದು ಅಂತ ನನ್ನ ನೋಟ್‌ಬುಕ್ಕೇ ಹೇಳುವಂತಾಗಬೇಕು ಅನಿಸಿತು. ಬಣ್ಣದ ಯೋಚನೆ ಬಂದದ್ದು ಆಗ.

ನಾವು ಸಣ್ಣವರಿದ್ದಾಗ ಐದನೇ ಕ್ಲಾಸಿಗೆ ಇಂಕು ಪೆನ್ನು ಕೈಗೆ ಬರುತ್ತಿತ್ತು. ಪರೀಕ್ಷೆ ಮಧ್ಯೆ ಇಂಕು ಖಾಲಿಯಾದರೆ ಪಕ್ಕದವನ ಹತ್ತಿರ ಎರಡು ಹನಿ ಸಾಲ. ಬೆಂಚಿನ ಮೇಲೆ ಹನಿ ಬಿಡಿಸಿ, ನಿಬ್ಬಿನಿಂದ ಹೀರಿಸಿಕೊಳ್ಳುತ್ತಿದ್ದೆವು. ನಮ್ಮಜ್ಜನ ಕಾಲಕ್ಕೆ ಇಂಕಿನ ಪುಡಿ, ಇಂಕಿನ ಗುಳಿಗೆ ಬರುತ್ತಿದ್ದವು, ನೀರಿಗೆ ಹಾಕಿ ಕಲಸಿದರೆ ಮುಗಿಯಿತು. ಈಗ ನಾವು ಕ್ಯಾಮ್ಲಿನ್ ಅನ್ನುವ ಕಂಪನಿ 1931ರಲ್ಲಿ ಶುರುವಾದದ್ದೇ ಅಂಥ ಪುಡಿ, ಗುಳಿಗೆ ಮಾರಿಕೊಂಡು. ಬಂಗಾಳದ ಸುಲೇಖಾ ಇಂಕು 1934ರಲ್ಲಿ ಸ್ವದೇಶಿ ಚಳವಳಿಯ ಬಿಸಿಯಲ್ಲಿ ಹುಟ್ಟಿದ್ದು, ಪರದೇಶದ ಇಂಕಿನಲ್ಲಿ ಬರೆಯಬಾರದು ಅಂತ. ನಮ್ಮ ಭಾಷೆಯಲ್ಲಿ ಇಂಕಿಗೆ ಮಸಿ ಅನ್ನುತ್ತೇವೆ, ಒಲೆ ಮೇಲಿನ ಪಾತ್ರೆಯ ತಳಕ್ಕೆ ಹತ್ತುವುದಕ್ಕೂ ಮಸಿ ಅನ್ನುತ್ತೇವೆ. ಇಂಕು ಅಂದರೆ ಕಪ್ಪೇ ಅಂತ ಮಾತಿನಲ್ಲೇ ಇದೆ. ನನಗೆ ಮಾತ್ರ ನಾಲ್ಕು ಬಣ್ಣ ಬೇಕಿತ್ತು.

ಹುಬ್ಬಳ್ಳಿಗೆ ಹೋದಾಗ ಸ್ಟೇಷನರಿ ಅಂಗಡಿಯಲ್ಲಿ ಕಪ್ಪು, ನೀಲಿ, ಹಸಿರು, ಕೆಂಪು ನಾಲ್ಕು ಬಾಟಲಿ ಮತ್ತು ಒಂದು ಅಗ್ಗದ ಪೆನ್ನು ತಂದೆ. ನಿಯಮ ಹೀಗೆ ಮಾಡಿಕೊಂಡೆ. ನಾನು ಕಣ್ಣಾರೆ ನೋಡಿದ್ದು ಕಪ್ಪು. ಜನ ಹೇಳಿದ್ದು ನೀಲಿ, ಹೇಳಿದವರ ಹೆಸರಿನ ಸಮೇತ. ಅಧಿಕಾರಿಗಳು ಹೇಳಿದ್ದು, ಕಡತದಲ್ಲಿ ಇದ್ದದ್ದು ಹಸಿರು. ಇನ್ನೂ ಖಾತ್ರಿ ಮಾಡಿಕೊಳ್ಳಬೇಕಾದ್ದು ಕೆಂಪು.

ಅಧಿಕಾರಿಗಳಿಗೆ ಹಸಿರು ಕೊಟ್ಟದ್ದಕ್ಕೆ ಕಾರಣ ನಿಮಗೂ ಗೊತ್ತು. ದಾಖಲೆಗೆ ಸಹಿ ಹಾಕಿಸಲು ಹೋದರೆ ಸಾಹೇಬರು ಹಸಿರು ಪೆನ್ನು ತೆಗೆಯುವುದನ್ನು ನೋಡಿಯೇ ನಾವು ಬೆಳೆದಿದ್ದೇವೆ. ಕೇಂದ್ರ ಸರ್ಕಾರದ ಕಚೇರಿ ಕೈಪಿಡಿಯ ಪ್ರಕಾರ ಕಡತದಲ್ಲಿ ಎಲ್ಲರೂ ನೀಲಿ ಇಲ್ಲವೇ ಕಪ್ಪಿನಲ್ಲಿ ಬರೆಯಬೇಕು, ಹಸಿರು ಅಥವಾ ಕೆಂಪು ಬಳಸಬಹುದಾದವರು ಜಂಟಿ ಕಾರ್ಯದರ್ಶಿ ಮತ್ತು ಅದಕ್ಕಿಂತ ಮೇಲಿನವರು, ಅದೂ ಅಪರೂಪಕ್ಕೆ. ಇಂಕಿಗೂ ಹುದ್ದೆ ಇದೆ ನೋಡಿ.

ಮೊದಲ ವಾರ ಎಲ್ಲಾ ಎಡವಟ್ಟು. ಒಂದೇ ಪೆನ್ನಿನಲ್ಲಿ ನಾಲ್ಕು ಬಣ್ಣ ಆಗದ ಮಾತು. ಬಣ್ಣ ಬದಲಿಸಬೇಕಾದರೆ ನಿಬ್ಬು ಬಿಚ್ಚಿ, ತಿಳಿನೀರು ಬರುವ ತನಕ ತೊಳೆದು, ಒಣಗಿಸಬೇಕು. ಹಸಿರು ಪೂರ್ತಿ ಹೋಗದೆ ಕೆಂಪು ತುಂಬಿದರೆ ಕೆಸರಿನ ಬಣ್ಣ ಬಂತು. ಕೊನೆಗೆ ನಾಲ್ಕು ಪೆನ್ನು ಕೊಂಡೆ. ಅವನ್ನು ಅಂಗಿ ಜೇಬಿಗೆ ಸಿಕ್ಕಿಸಿಕೊಂಡು ಗ್ರಾಮಸಭೆಗೆ ಹೋದರೆ ಅಲ್ಲಿ ಜನ ಮಾತಾಡುವ ವೇಗಕ್ಕೆ ಪೆನ್ನು ಬದಲಿಸಲು ಆಗಲಿಲ್ಲ. ಒಬ್ಬರು ಹೇಳಿ ಮುಗಿಸುವಷ್ಟರಲ್ಲಿ ನಾನು ಇನ್ನೂ ಕ್ಯಾಪು ತಿರುವುತ್ತಿದ್ದೆ.

ಆಗ ದಾರಿ ಬದಲಿಸಿದೆ. ಹೊರಗೆ ಹೋದಾಗ ಹಳೇ ಬಾಲ್‌ಪೆನ್ನು, ಹಳೇ ಗೀಚು. ಹೇಳಿದವರ ಹೆಸರು ಮಾತ್ರ ತಪ್ಪದೆ ಪಕ್ಕಕ್ಕೆ. ಅದೇ ದಿನ ಸಂಜೆ ಮನೆಗೆ ಬಂದು, ನೆನಪು ಹಸಿ ಇರುವಾಗಲೇ, ಇನ್ನೊಂದು ಪುಸ್ತಕಕ್ಕೆ ನಾಲ್ಕು ಬಣ್ಣದಲ್ಲಿ ನಕಲು. ಅರ್ಧ ತಾಸಿನ ಕೆಲಸ.

ಉಪಯೋಗ ಆದದ್ದು ಈ ಅರ್ಧ ತಾಸಿನಿಂದ. ಒಂದೊಂದು ಸಾಲು ಬರೆಯುವ ಮುಂಚೆ ಯಾವ ಪೆನ್ನು ಎತ್ತಬೇಕು ಎಂದು ನಿಲ್ಲಬೇಕಾಗುತ್ತದೆ. "ನೂರು ಎಕರೆ ಬೆಳೆ ಹಾಳಾಗಿದೆ." ಇದು ಯಾವ ಬಣ್ಣ? ನಾನು ನೋಡಿದ್ದು ರಸ್ತೆ ಪಕ್ಕದ ನಾಲ್ಕು ಹೊಲ. ನೂರು ಅಂದವರು ಒಬ್ಬ ಸದಸ್ಯರು. ಹಾಗಾದರೆ ನಾಲ್ಕು ಹೊಲ ಕಪ್ಪು, ನೂರು ಎಕರೆ ನೀಲಿ, ಅದರ ಪಕ್ಕ ಒಂದು ಕೆಂಪು ಗೆರೆ. ಮೊದಲಾಗಿದ್ದರೆ ನೂರು ಎಕರೆ ನೇರವಾಗಿ ತಲೆಬರಹಕ್ಕೆ ಹೋಗುತ್ತಿತ್ತು.

ನಾಲ್ಕು ಬಣ್ಣದ ಬಾಲ್‌ಪೆನ್ನೇ ಸಿಗುತ್ತದಲ್ಲ, ಟಕ್ ಅಂತ ಒತ್ತಿದರೆ ಆಯಿತು ಎಂದು ಗೆಳೆಯರು ಹೇಳಿದರು. ಒಂದು ವಾರ ಅದನ್ನೂ ನೋಡಿದೆ. ಟಕ್ ಅನ್ನುವಷ್ಟರಲ್ಲಿ ಯೋಚನೆಯೂ ಮುಗಿದುಹೋಗುತ್ತದೆ. ಇಂಕು ಪೆನ್ನಿನ ಕ್ಯಾಪು ತಿರುವಿ ತೆಗೆಯುವಷ್ಟು ಹೊತ್ತು ನನಗೆ ಬೇಕು.

ಮಳೆಗಾಲದಲ್ಲಿ ಇನ್ನೊಂದು ಪಾಠವಾಯಿತು. ಹಾನಗಲ್ ಕಡೆಯಿಂದ ಬೈಕಿನಲ್ಲಿ ಬರುವಾಗ ಜೋರು ಮಳೆ. ಬ್ಯಾಗು ನೆನೆಯಿತು, ಪುಸ್ತಕವೂ ನೆನೆಯಿತು. ಮನೆಗೆ ಬಂದು ಬಿಚ್ಚಿದರೆ ಕೆಂಪು ಹರಡಿ ಹಾಳೆ ಗುಲಾಬಿ ಆಗಿತ್ತು. ಹಸಿರು ಅರ್ಧ ಮಾಸಿತ್ತು. ಕಪ್ಪು ಓದುವಂತಿತ್ತು. ನೀಲಿ ಪೂರ್ತಿ ಹೋಗಿತ್ತು. ಅಂದರೆ ಎರಡು ತಿಂಗಳಲ್ಲಿ ಜನ ನನಗೆ ಹೇಳಿದ ಮಾತುಗಳೆಲ್ಲ ತೊಳೆದುಹೋಗಿದ್ದವು. ಸುಮಾರು ಹೊತ್ತು ಸುಮ್ಮನೆ ಕೂತುಬಿಟ್ಟೆ.

ತಪ್ಪು ನನ್ನದೇ. ರಾಯಲ್ ಬ್ಲೂ ಎಂದು ಮಾರುವ ಇಂಕು ಸಾಮಾನ್ಯವಾಗಿ ಬಟ್ಟೆಯಿಂದ ಸುಲಭವಾಗಿ ಹೋಗಲಿ ಅಂತಲೇ ಮಾಡಿರುವಂಥದ್ದು. ಬಾಟಲಿ ಮೇಲೆ "ವಾಷಬಲ್" ಎಂದು ಬರೆದದ್ದನ್ನು ನಾನು ಓದಿರಲಿಲ್ಲ. ಪೆನ್ನಿನ ಇಂಕು ಅಂದರೆ ಬಹುಪಾಲು ನೀರಿನಲ್ಲಿ ಕರಗಿದ ಬಣ್ಣ. ನೀರು ಬಿದ್ದರೆ ಮತ್ತೆ ಕರಗುತ್ತದೆ.

ಹಿಂದಿನವರು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದರು. ಅಳಲೆಕಾಯಿಯ ಒಗರು ರಸಕ್ಕೆ ಕಬ್ಬಿಣದ ಅಂಶ ಸೇರಿಸಿದರೆ ಅದು ಕಪ್ಪಾಗುತ್ತದೆ. ಯುರೋಪಿನಲ್ಲಿ ಓಕ್ ಮರದ ಗಂಟಿನಿಂದ ಇದೇ ರೀತಿ ಇಂಕು ಮಾಡುತ್ತಿದ್ದರು. ಕಾಗದದೊಳಗೆ ಇಳಿದು ಗಾಳಿ ತಾಗಿದ ಮೇಲೆ ಅದು ನೀರಿಗೆ ಸುಲಭವಾಗಿ ಬಿಡುವುದಿಲ್ಲ. ಈಗಲೂ ಬ್ಲೂ-ಬ್ಲ್ಯಾಕ್ ಹೆಸರಿನ ಕೆಲವು ಇಂಕು ಇದೇ ಬಗೆಯವು. ಬರೆಯುವಾಗ ನೀಲಿ, ಬೆಳಗ್ಗೆ ನೋಡಿದರೆ ಕಪ್ಪಿಗೆ ತಿರುಗಿರುತ್ತದೆ. ಜನರ ಮಾತಿಗೆ ಈಗ ನಾನು ಬಳಸುವುದು ಅಂಥದ್ದನ್ನೇ. ಕಪ್ಪಿಗೂ ಇದಕ್ಕೂ ಗೊಂದಲ ಆಗಬಾರದೆಂದು ಜನರ ಮಾತನ್ನು ಒಂದು ಬೆರಳು ಒಳಗೆ ಸರಿಸಿ ಬರೆಯುತ್ತೇನೆ.

ನೀವೂ ಬಣ್ಣದ ಇಂಕು ಬಳಸುವುದಾದರೆ, ನಾನು ದುಡ್ಡು ಕಳೆದುಕೊಂಡು ಕಲಿತದ್ದನ್ನು ಹೇಳುತ್ತೇನೆ. ಹೊಸ ಬಾಟಲಿ ತಂದ ದಿನ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದು ಒಂದು ದಿನ ಬಿಡಿ. ಆಮೇಲೆ ಅರ್ಧ ಚೀಟಿಗೆ ನೀರು ಚಿಮುಕಿಸಿ, ಉಳಿದರ್ಧವನ್ನು ಬಿಸಿಲು ಬೀಳುವ ಕಿಟಕಿಗೆ ಒಂದು ತಿಂಗಳು ಅಂಟಿಸಿ. ನನ್ನ ಕಿಟಕಿಯಲ್ಲಿ ಬ್ಯಾಡಗಿ ಮೆಣಸಿನಕಾಯಿಯಂತೆ ಇದ್ದ ಕೆಂಪು, ತಿಂಗಳಲ್ಲಿ ಒಗೆದ ಸೀರೆಯ ಅಂಚಿನಂತಾಯಿತು. ಚಿತ್ರ ಬಿಡಿಸುವ ವಾಟರ್‌ಪ್ರೂಫ್ ಇಂಕನ್ನು ಪೆನ್ನಿಗೆ ತುಂಬಬೇಡಿ, ಒಳಗೇ ಒಣಗಿ ಕಟ್ಟಿಕೊಳ್ಳುತ್ತದೆ. ನನ್ನ ಒಂದು ಪೆನ್ನು ಹೋದದ್ದು ಹಾಗೆ. ತೆಳು ಹಾಳೆಯ ನೋಟ್‌ಬುಕ್ಕಿನಲ್ಲಿ ಇಂಕು ಬೇರು ಬಿಟ್ಟಂತೆ ಹರಡಿ ಹಿಂದಿನ ಪುಟಕ್ಕೂ ಇಳಿಯುತ್ತದೆ. ಸ್ವಲ್ಪ ದಪ್ಪ ಹಾಳೆಯ ಲಾಂಗ್‌ಬುಕ್ ತಗೊಳ್ಳಿ, ಸಣ್ಣ ನಿಬ್ಬು ಹಾಕಿ. ಅರ್ಜಿ, ಬ್ಯಾಂಕ್ ಫಾರ್ಮು, ಪರೀಕ್ಷೆಗೆ ಮಾತ್ರ ನೀಲಿ, ಕಪ್ಪು ಬಿಟ್ಟು ಬೇರೆಯದರ ಸಹವಾಸ ಬೇಡ.

ಇತ್ತೀಚಿನ ಒಂದು ಸಂಗತಿ. ಒಂದು ಊರಿನಲ್ಲಿ ಮನೆಮನೆಗೆ ನಲ್ಲಿ ಹಾಕಿದ ಕಾಮಗಾರಿ ಮುಗಿದಿದೆ ಎಂಬ ಸುದ್ದಿ ಮಾಡಬೇಕಿತ್ತು. ಕಚೇರಿಯಿಂದ ಅಂಕಿ ಸಂಖ್ಯೆ ಎಲ್ಲ ಕೊಟ್ಟಿದ್ದರು. ಸಂಜೆ ನಕಲು ಮಾಡಿ ನೋಡಿದರೆ ಇಡೀ ಪುಟ ಹಸಿರು. ಕಪ್ಪಿನಲ್ಲಿ ಒಂದು ಸಾಲೂ ಇರಲಿಲ್ಲ. ಸುದ್ದಿ ಕಳಿಸಲಿಲ್ಲ. ಮರುದಿನ ನಸುಕಿನಲ್ಲಿ ಆ ಊರಿಗೆ ಹೋದೆ. ನಲ್ಲಿ ಇದ್ದವು, ನಿಜ. ಒಂದು ಓಣಿಯಲ್ಲಿ ಇಪ್ಪತ್ತಮೂರು ನಲ್ಲಿ ತಿರುವಿ ನೋಡಿದೆ, ಒಂಬತ್ತರಲ್ಲಿ ನೀರು ಬಂತು. ಉಳಿದವುಗಳಲ್ಲಿ ಒಂದಕ್ಕೆ ಎಮ್ಮೆ ಕಟ್ಟಿದ್ದರು. ಆ ಸುದ್ದಿಯನ್ನು ಅಷ್ಟೇ ಬರೆದೆ: ಇಪ್ಪತ್ತಮೂರರಲ್ಲಿ ಒಂಬತ್ತು, ಒಂದೇ ಓಣಿ, ಇಂಥ ದಿನ, ಬೆಳಗ್ಗೆ ಆರೂವರೆ. ಅಧಿಕಾರಿಗಳು ಹೇಳಿದ್ದನ್ನೂ ಅವರ ಮಾತಾಗಿಯೇ ಹಾಕಿದೆ. ಸುಳ್ಳು ಸುದ್ದಿ ಎಂದು ಯಾರೂ ಫೋನ್ ಮಾಡಲಿಲ್ಲ. ಎರಡು ವಾರಕ್ಕೆ ಪೈಪು ಸರಿ ಮಾಡಲು ಜನ ಬಂದರು.

ಬಣ್ಣ ಹಾಕಿದ್ದರಿಂದ ತಪ್ಪು ಪೂರ್ತಿ ನಿಂತಿದೆ ಅಂತ ಹೇಳಲಾರೆ. ಕಣ್ಣಾರೆ ನೋಡಿದ್ದೂ ತಪ್ಪಾಗಿರಬಹುದು. ಕಪ್ಪಿನಲ್ಲಿ ಬರೆದದ್ದಕ್ಕೆ ಆಮೇಲೆ ಕೆಂಪು ಗೆರೆ ಎಳೆದ ಪುಟಗಳೂ ನನ್ನಲ್ಲಿವೆ. ಕೆಲವು ದಿನ ದಣಿದು ಬಂದು ನಕಲು ಮಾಡದೆ ಮಲಗಿದ್ದೂ ಇದೆ.

ಮೊನ್ನೆ ನಮ್ಮ ಓಣಿಯ ಸ್ವಸಹಾಯ ಸಂಘದ ಲೆಕ್ಕ ಬರೆಯುವ ಅಕ್ಕ ನನ್ನ ಪುಸ್ತಕ ನೋಡಿ, ಕೈಗೆ ಬಂದ ಹಣಕ್ಕೆ ಒಂದು ಬಣ್ಣ, ಕೊಡ್ತೀನಿ ಅಂದಿದ್ದಕ್ಕೆ ಇನ್ನೊಂದು ಬಣ್ಣ ಮಾಡಬಹುದಲ್ಲ ಎಂದು ಕೇಳಿದರು. ಒಂದು ಹಳೇ ಪೆನ್ನು, ಅರ್ಧ ಬಾಟಲಿ ಹಸಿರು ಕೊಟ್ಟೆ. ಮರುವಾರ ಸಿಕ್ಕಾಗ ಅವರ ಬೆರಳೂ ಹಸಿರಾಗಿತ್ತು.

ದಿನಾ ಸಂಜೆ ಮೇಜಿನ ಮೇಲೆ ನಾಲ್ಕು ಪೆನ್ನು ಸಾಲಾಗಿ ಇಟ್ಟುಕೊಂಡು ಕೂರುತ್ತೇನೆ. ಮೊದಲ ಸಾಲಿಗೆ ಕೈ ಚಾಚುವಾಗ ಆ ಹುಡುಗಿ ಕೇಳಿದ್ದು ನೆನಪಾಗುತ್ತದೆ. ನೋಡಿದ್ದರೆ ಕಪ್ಪು ಪೆನ್ನು ಎತ್ತುತ್ತೇನೆ.